ಏಕಾದಶಿಯ ದಿನ ಹಂಚಿದ ಗುಳಿಗೆ

ಮುಂಬಯಿಯಲ್ಲಿ ನೀರು ಏರುವಾಗ ಎಲ್ಲರೂ ಬರುತ್ತಾರೆ. ಟಿವಿಯವರು ಬರುತ್ತಾರೆ, ಹಗ್ಗ ಹಿಡಿದವರು ಬರುತ್ತಾರೆ, ಬಿಸ್ಕತ್ತಿನ ಪೊಟ್ಟಣ ಹಂಚುವವರು ಬರುತ್ತಾರೆ. ಮರುದಿನ ನೀರು ಇಳಿದು ಸ್ವಲ್ಪ ಬಿಸಿಲು ಬಿತ್ತೆಂದರೆ ಅವರೆಲ್ಲ ಹೊರಟುಹೋಗುತ್ತಾರೆ. ಆಗ ನಾವು ಹೋಗುತ್ತಿದ್ದೆವು. ಹೆಗಲಿಗೆ ಬಟ್ಟೆಯ ಚೀಲ. ಅದರಲ್ಲಿ ಗುಳಿಗೆಗಳು, ಕ್ಲೋರಿನ್ ಸೀಸೆ, ರಿಜಿಸ್ಟರು, ಒಂದು ಸೀಮೆಸುಣ್ಣದ ತುಂಡು. ಸಯನ್ನಿನ ತಗ್ಗಿನ ಗಲ್ಲಿಗಳಲ್ಲಿ ಇಪ್ಪತ್ತೆಂಟು ವರ್ಷ ನಾನು ಆರೋಗ್ಯ ಸೇವಿಕೆಯಾಗಿ ತಿರುಗಿದೆ. ನನ್ನ ಹೆಸರು ಶಾಂತಾ ಎಂದು ಗೊತ್ತಿದ್ದವರು ಕಡಿಮೆ. ಎಲ್ಲರಿಗೂ ನಾನು ‘ಗೋಳಿವಾಲಿ ಬಾಯಿ’, ಅಂದರೆ ಗುಳಿಗೆ ಕೊಡುವ ಹೆಂಗಸು.

ಇದನ್ನು ಬರೆಯಲು ಹಚ್ಚಿದವಳು ಪ್ರಿಯಾ. ನಮ್ಮ ಆರೋಗ್ಯ ಕೇಂದ್ರಕ್ಕೆ ಈ ವರ್ಷ ಹೊಸದಾಗಿ ಸೇರಿದ ಹುಡುಗಿ. ದಹಿಸರ್‌ನಿಂದ ಲೋಕಲ್ ರೈಲು ಹಿಡಿದು ಬರುತ್ತಾಳೆ. ಬೆಳಗಾವಿ ಕಡೆಯವರ ಮಗಳಾದರೂ ಅವಳ ಕನ್ನಡ ಎರಡು ಮಾತಿಗೊಮ್ಮೆ ಹಿಂದಿಗೆ ಜಾರುತ್ತದೆ. “ಆಂಟಿ, ಟ್ರೇನಿಂಗ್‌ನಲ್ಲಿ ಸಬ್ ಕುಛ್ ಹೇಳಿದ್ರು. ಲೇಕಿನ್ ಜನ ಕೇಳೋದೇ ಇಲ್ಲ. ಬಾಗಿಲೇ ತೆಗಿಯಲ್ಲ. ನೀವು ಹೆಂಗೆ ಮಾಡ್ತಿದ್ರಿ, ಬರೆದು ಕೊಡಿ” ಅಂದಳು. ಕನ್ನಡದಲ್ಲಿ ಬರೆದರೆ ಓದುತ್ತೀಯಾ ಎಂದು ಕೇಳಿದೆ. “ಮಮ್ಮಿ ಓದ್ತಾಳೆ, ನಾನು ಕೇಳ್ತೀನಿ” ಅಂದಳು. ಹಾಗಾಗಿ ಇದನ್ನು ಓದುತ್ತಿರುವ ಪ್ರಿಯಾಳ ತಾಯಿಗೂ ನನ್ನ ನಮಸ್ಕಾರ.

ಬರೆಯಲು ಇನ್ನೊಂದು ಕಾರಣವಿದೆ. ಇವರು ಹೋಗಿ ಎಂಟು ತಿಂಗಳಾಯಿತು. ಎದೆನೋವು ಎಂದರು, ಅರ್ಧ ಗಂಟೆಯಲ್ಲಿ ಮುಗಿಯಿತು. ನಮ್ಮ ಕಡೆ ಗಂಡನ ಹೆಸರು ಹೇಳುವ ರೂಢಿ ಇಲ್ಲ. ಆಸ್ಪತ್ರೆಯ ಫಾರಂ ತುಂಬುವಾಗ ಕೂಡ ನಾನು ಅವರ ಗುರುತಿನ ಚೀಟಿ ತೋರಿಸಿದವಳು. ಇಲ್ಲಿಯೂ ಅವರು ‘ಇವರು’ ಎಂದೇ ಬರುತ್ತಾರೆ. ಸಂಜೆ ಹೊತ್ತು ಮನೆ ಬಹಳ ಸುಮ್ಮನಿರುತ್ತದೆ. ಪೆನ್ನು ಹಿಡಿದರೆ ಸ್ವಲ್ಪ ಮಾತು ಬರುತ್ತದೆ.

ಮೊದಲು ನನ್ನ ಮೊದಲನೆಯ ತಪ್ಪು ಹೇಳುತ್ತೇನೆ, ಅದು ಸಣ್ಣದು. ಸೇರಿದ ವರ್ಷವೇ ದೊಡ್ಡ ಮಳೆಯಾಗಿ ಒಂದು ಬಿಲ್ಡಿಂಗ್‌ನ ನೆಲದ ಟಾಕಿಗೆ, ಅಂದರೆ ಕುಡಿಯುವ ನೀರಿನ ತೊಟ್ಟಿಗೆ, ಗಟಾರದ ನೀರು ನುಗ್ಗಿತ್ತು. ಟಾಕಿ ಖಾಲಿ ಮಾಡಿಸಿ, ಉಜ್ಜಿಸಿ, ಹೊಸ ನೀರು ತುಂಬಿದ ಮೇಲೆ ಅಳತೆ ನೋಡಿ ಕ್ಲೋರಿನ್ ಹಾಕಬೇಕು. ಖಾಲಿ ಮಾಡಿಸಿದೆ, ಉಜ್ಜಿಸಿದೆ. ಅಳತೆಯ ಹೊತ್ತಿಗೆ ನನಗೆ ಧೈರ್ಯ ಸಾಲಲಿಲ್ಲ. ಇಷ್ಟು ದೊಡ್ಡ ಟಾಕಿಗೆ ಇಷ್ಟೇನಾ ಅನ್ನಿಸಿ, ಇರಲಿ ಎಂದು ಸೀಸೆಯನ್ನೇ ಬಗ್ಗಿಸಿದೆ. ಮರುದಿನ ಬೆಳಿಗ್ಗೆ ಆ ಬಿಲ್ಡಿಂಗ್‌ನ ಸೆಕ್ರೆಟರಿ ಆ ನೀರಿನಲ್ಲಿ ಮಾಡಿದ ಚಹಾದ ಕಪ್ಪು ಹಿಡಿದು ಕೇಂದ್ರಕ್ಕೆ ಬಂದರು. ನಮ್ಮ ಡಾಕ್ಟರ್ ಮೇಡಂ ಮುಂದೆ ಇಟ್ಟು “ಕುಡಿದು ನೋಡಿ” ಅಂದರು. ಮೇಡಂ ನಿಜವಾಗಿಯೂ ಒಂದು ಗುಟುಕು ಕುಡಿದರು. ಆಮೇಲೆ ನನ್ನನ್ನು ಕರೆದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು, “ಶಾಂತಾ, ಈ ಔಷಧದಲ್ಲಿ ಚಹಾ ಎಷ್ಟು ಹಾಕಿದ್ದೀಯ?”

ಮೇಡಂ ಹಾಗೆಯೇ. ಗಟ್ಟಿಯಾಗಿ ಬಯ್ದವರಲ್ಲ. ಗಟ್ಟಿಯಾಗಿ ಬಯ್ದಿದ್ದರೆ ಮರೆತುಹೋಗುತ್ತಿತ್ತು.

ಆಗ ನಮ್ಮ ಕೆಲಸದ ಪದ್ಧತಿಯೂ ಸಡಿಲವಾಗಿತ್ತು. ಮನೆಮನೆಗೆ ಹೋಗಿ, ನೀರಿನಲ್ಲಿ ನಡೆದವರಿಗೆಲ್ಲ, ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಇಲಿ ಜ್ವರ ಬಾರದಂತೆ ಗುಳಿಗೆ ಕೊಟ್ಟು, ಊಟವಾದ ಮೇಲೆ ತೆಗೆದುಕೊಳ್ಳಿ ಎಂದು ಹೇಳಿ, ಬಾಗಿಲಿಗೆ ಸೀಮೆಸುಣ್ಣದಿಂದ ಗುರುತು ಹಾಕಿ ಮುಂದಕ್ಕೆ ಹೋಗುವುದು. ಗಲ್ಲಿಯ ಮಕ್ಕಳು ನಮ್ಮ ಗುರುತು ನೋಡಿ ಕಲಿತು, ನಾವು ಹೋಗದ ಬಾಗಿಲಿಗೂ ಬರೆದುಬಿಡುತ್ತಿದ್ದರು. ಕೊಟ್ಟ ಗುಳಿಗೆ ಎಲ್ಲಿ ಹೋಗುತ್ತಿತ್ತೋ! ಸೀರೆಯ ಸೆರಗಿನಲ್ಲಿ, ದೇವರ ಗೂಡಿನಲ್ಲಿ, ಅಕ್ಕಿ ಡಬ್ಬಿಯಲ್ಲಿ ಸಿಗುತ್ತಿತ್ತು. “ಜ್ವರ ಬಂದ ಮ್ಯಾಲ ನುಂಗೂಣಂತ ಇಟ್ಟೀನ್ರಿ” ಅನ್ನುವರು. ಬಾರದ ಹಾಗೆ ಕೊಟ್ಟದ್ದನ್ನು ಬಂದ ಮೇಲೆ ನುಂಗಲು ಇಟ್ಟುಕೊಳ್ಳುವುದು! ಕೆಲವು ವರ್ಷದ ಮೇಲೆ ಮೇಡಂ ನಿಯಮ ಬದಲಿಸಿದರು. ಕೈಗೆ ಕೊಟ್ಟು ಬರುವಂತಿಲ್ಲ, ನಮ್ಮ ಕಣ್ಣೆದುರೇ ನುಂಗಿಸಬೇಕು. ನಿಯಮ ಒಳ್ಳೆಯದೇ. ಆದರೆ ಆ ನಿಯಮದ ಮೊದಲ ವರ್ಷವೇ ನಾನು ಇಡೀ ಒಂದು ಚಾಳಿನ ನಂಬಿಕೆ ಕಳೆದುಕೊಂಡೆ. ಮುಂದಿನ ಮಳೆಗೆ ಮೊದಲು ಆ ಬಾಗಿಲುಗಳು ಮತ್ತೆ ತೆರೆಯದಿದ್ದರೆ ಯಾರಾದರೊಬ್ಬರ ಜೀವ ಹೋಗುತ್ತದೆ ಎಂಬ ಭಯ ನನ್ನನ್ನು ಆ ಮಳೆಗಾಲವೆಲ್ಲ ಕಾಡಿತು. ಆ ಕಥೆಯನ್ನೇ ಹೇಳಬೇಕೆಂದಿದ್ದೇನೆ.

ಅದು ಜುಲೈ ತಿಂಗಳು. ಒಂದು ದಿನ ಮಳೆ ಬಿಡದೆ ಸುರಿದು ಮಧ್ಯಾಹ್ನ ಲೋಕಲ್ ನಿಂತವು. ಪರೇಲಿನ ಬೈಂಡಿಂಗ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದ ಇವರು ಸಯನ್ನಿನ ಮನೆಯವರೆಗೆ ನಡೆದೇ ಬಂದರು. ಮಾಟುಂಗಾದ ಹತ್ತಿರ ಸೊಂಟದವರೆಗೆ ನೀರು. ಮುಂದೆ ಹೋಗುವವರು ಕೋಲಿನಿಂದ ನೆಲ ಮುಟ್ಟಿ ನೋಡಿ, ಮ್ಯಾನ್‌ಹೋಲ್ ಇಲ್ಲವೆಂದು ಖಾತ್ರಿಯಾದ ಮೇಲೆ ಹೆಜ್ಜೆ ಇಡುವುದು, ಹಿಂದಿನವರು ಅವರ ಅಂಗಿ ಹಿಡಿದುಕೊಳ್ಳುವುದು. “ಶಾಲಿ ಮಕ್ಕಳ ರೈಲಾಟ ಆಡ್ಕೋತ ಬಂದ್ವಿ ನೋಡು” ಎಂದು ನಗುತ್ತಾ ಒಳಗೆ ಬಂದರು.

ಮರುದಿನ ಇವರು ಏಳುವ ಮೊದಲೇ ನಾನು ಹೊರಟೆ. ಮೊದಲು ಸಿಕ್ಕಿದ್ದು ಗಲ್ಲಿಯ ಮೂಲೆಯ ಹೋಟೆಲು. ಮಾಲಕರು ಭೋಜ ಶೆಟ್ಟರು, ಉಡುಪಿ ಕಡೆಯವರು. ಅಡುಗೆಮನೆಯಲ್ಲಿ ಇನ್ನೂ ಪಾದ ಮುಳುಗುವಷ್ಟು ನೀರಿತ್ತು. ಶೆಟ್ಟರು ಅದರಲ್ಲೇ ನಿಂತು ಹಿಟ್ಟಿನ ದೊಡ್ಡ ಪಾತ್ರೆ ತೋರಿಸಿದರು.

“ಅಕ್ಕಾ, ಇದಕ್ಕೆ ಎಂತ ಆಗ್ಲಿಲ್ಲ. ಮುಚ್ಚಳ ಹಾಕಿಯೇ ಇತ್ತು. ದೋಣಿಯ ಹಾಗೆ ತೇಲ್ತಾ ಇತ್ತು ಮಾರಾಯ್ರೆ.”

“ಶೆಟ್ರೇ, ಚೆಲ್ಲಿರಿ.”

“ಮೇಲಿನದ್ದು ತೆಗೆದು ಅಡಿಯದ್ದು...”

“ಅಡೀದೂ ಚೆಲ್ಲಿರಿ. ನೀರು ಮುಟ್ಟಿದ ಅಕ್ಕೀನೂ ಚೆಲ್ಲಿರಿ.”

“ಅಕ್ಕಿಗೂ ಜ್ವರ ಬರ್ತದಾ ಇನ್ನು?” ಎಂದು ಸಿಟ್ಟಿನಲ್ಲಿ ಹೇಳುತ್ತಾ, ಗ್ರೈಂಡರಾದರೂ ಸರಿಯಿದೆಯೇ ನೋಡೋಣವೆಂದು ಗೋಡೆಯ ಸ್ವಿಚ್ಚಿಗೆ ಕೈ ಚಾಚಿದರು. ಗಲ್ಲಿಗೆ ಅಷ್ಟರಲ್ಲಿ ಕರೆಂಟು ಬಂದಿತ್ತು. ಕೂಗಿ ಹೇಳುವಷ್ಟು ಹೊತ್ತಿರಲಿಲ್ಲ. ಕೈಯಲ್ಲಿದ್ದ ರಿಜಿಸ್ಟರಿನಿಂದ ಅವರ ಕೈಗೆ ಬಲವಾಗಿ ಹೊಡೆದೆ.

“ಎಂತ ಹೊಡಿಯುದು ನೀವು!”

“ಕೆಳಗ ನೋಡ್ರಿ. ಎಲ್ಲಿ ನಿಂತೀರಿ?”

ಶೆಟ್ಟರು ಕೆಳಗೆ ನೀರು ನೋಡಿದರು. ಸ್ವಿಚ್ಚು ನೋಡಿದರು. ಮತ್ತೆ ನೀರು ನೋಡಿದರು. ಮೆಲ್ಲಗೆ ಹಿಂದೆ ಸರಿದು ಹೊರಗಿನ ಕಟ್ಟೆಯ ಮೇಲೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ “ಹಿಟ್ಟು ಚೆಲ್ಲುವಾ ಅಕ್ಕ” ಅಂದರು. ಮೇನ್ ಸ್ವಿಚ್ಚು ಆಫ್ ಮಾಡಿಸಿ, ವೈರ್‌ಮನ್ ಬಂದು ನೋಡಿ ಹೇಳುವವರೆಗೆ ಯಾವುದನ್ನೂ ಮುಟ್ಟಬಾರದೆಂದು ಹೇಳಿ ಮುಂದಕ್ಕೆ ಹೋದೆ. ಬೆಳಗಿನ ಈ ಜಯದಿಂದ ನನಗೆ ಸ್ವಲ್ಪ ಕೊಬ್ಬು ಬಂದಿತ್ತು ಎನ್ನಬೇಕು.

ಹೋಟೆಲಿನ ಹಿಂದೆಯೇ ಆ ಚಾಳು. ಎರಡು ಸಾಲು ಒಂಟಿ ಕೋಣೆಯ ಖೋಲಿಗಳು, ನಡುವೆ ಒಬ್ಬರು ನಡೆಯುವಷ್ಟು ದಾರಿ. ಅರ್ಧ ಮರಾಠಿಯವರು, ಅರ್ಧ ನಮ್ಮ ವಿಜಯಪುರ ಕಡೆಯವರು. ಅಲ್ಲಿಯ ಹಿರಿಯಳು ಗಂಗವ್ವ, ಅರವತ್ತರ ಹೆಂಗಸು, ಸ್ಟೇಷನ್ ಹತ್ತಿರ ಬಾಜಿ, ಅಂದರೆ ತರಕಾರಿ, ಮಾರುವವಳು. ಹಿಮ್ಮಡಿ ಎರಡೂ ಒಡೆದಿದ್ದವು, ಆ ಕಾಲಲ್ಲೇ ಹಿಂದಿನ ದಿನವೆಲ್ಲ ನೀರಿನಲ್ಲಿ ನಿಂತಿದ್ದಳು. ಗಾಯವಿದ್ದ ಕಾಲಿನಿಂದಲೇ ಇಲಿ ಜ್ವರ ಒಳಗೆ ಹೋಗುವುದು. ನಾನು ಎಲ್ಲರನ್ನೂ ಹೊರಗೆ ಕರೆದು ಸಾಲಾಗಿ ನಿಲ್ಲಿಸಿದೆ. ಗರ್ಭಿಣಿಯರನ್ನೂ ಸಣ್ಣ ಮಕ್ಕಳನ್ನೂ ಬೇರೆ ಮಾಡಿ ಮೇಡಂ ಹತ್ತಿರ ಕಳಿಸಿದೆ. ಅದನ್ನೆಲ್ಲ ಸರಿಯಾಗಿಯೇ ಮಾಡಿದೆ.

“ಬಾಯಾರ, ಉಂಡ ಮ್ಯಾಲ ನುಂಗ್ತೀವ್ರಿ” ಅಂದಳು ಗಂಗವ್ವ.

“ನನ್ನ ಮುಂದ ನುಂಗಬೇಕು. ಹೊಸ ನಿಯಮ.”

“ಇವತ್ತ...”

“ಇವತ್ತಿಲ್ಲ ನಾಳೆ ಇಲ್ಲ. ಹಿಡೀರಿ ನೀರು.”

ಅವಳ ಮಾತನ್ನು ಪೂರ್ತಿ ಆಗಗೊಡಲಿಲ್ಲ. ಹಿರಿಯಳು ನುಂಗಿದಳೆಂದು ಉಳಿದವರೂ ನುಂಗಿದರು. ಸಾಲಿನ ಕೊನೆಗೆ ಹೋಗಿ ಗುರುತು ಹಾಕುತ್ತಿದ್ದಾಗ ಮೊದಲನೆಯ ಖೋಲಿಯಿಂದ ವಾಂತಿಯ ಸದ್ದು ಕೇಳಿಸಿತು. ಆಮೇಲೆ ಮೂರನೆಯದರಿಂದ. ಆಮೇಲೆ ಎದುರಿನ ಸಾಲಿನಿಂದ. ಹನ್ನೊಂದು ಹೆಂಗಸರು, ಇಬ್ಬರು ಗಂಡಸರು ಗಟಾರದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತರು.

ಅವತ್ತು ಆಷಾಢ ಏಕಾದಶಿ.

ನಮ್ಮ ಕಡೆಯವರಿಗೂ ಮರಾಠಿಯವರಿಗೂ ವರ್ಷದಲ್ಲೇ ದೊಡ್ಡ ಉಪವಾಸ. ಹೋದ ವರ್ಷವಾಗಿದ್ದರೆ ಬೆಳಿಗ್ಗೆಯೇ ಸಾಬುದಾಣೆ ಖಿಚಡಿಯಾದರೂ ಹೊಟ್ಟೆಗೆ ಬಿದ್ದಿರುತ್ತಿತ್ತು. ಈ ವರ್ಷ ಒಲೆಗಳೇ ನೀರಿನಲ್ಲಿ ಮುಳುಗಿದ್ದವು, ಮೂಲೆಯ ಹೋಟೆಲೂ ಮುಚ್ಚಿತ್ತು. ಬರೀ ಹೊಟ್ಟೆಗೆ ಆ ಗುಳಿಗೆ ಬಿದ್ದರೆ ಉರಿದು ತಿರುಗಿ ಬರುತ್ತದೆ. ಕೆಲಸಕ್ಕೆ ಸೇರಿದ ಮೇಲೆ ನಾನು ಉಪವಾಸ ಬಿಟ್ಟಿದ್ದೆ. ಮನೆಯಲ್ಲಿ ಇವರು ಬಿಟ್ಟಿರಲಿಲ್ಲ. ಅವತ್ತು ಇವರು ಏಳುವವರೆಗೆ ಮನೆಯಲ್ಲಿದ್ದಿದ್ದರೆ ನೆನಪಾಗುತ್ತಿತ್ತು.

ಮೇಡಂಗೆ ಹೇಳಿದೆ. ಅವರು ಗೋಡೆಯ ಕ್ಯಾಲೆಂಡರ್ ಕಡೆ ಕೈ ತೋರಿಸಿ, “ಶಾಂತಾ, ಇದನ್ನು ಗೋಡೆಯ ಪಾಚಿ ಮುಚ್ಚಲು ಹಾಕಿದ್ದೇವೆ ಎಂದುಕೊಂಡೆಯಾ?” ಅಂದರು. ನಾಳೆ ಹೋಗಿ ಅವರಿಗೆ ತಿಳಿಸಿ ಹೇಳಿ, ಏನಾದರೂ ತಿನ್ನಿಸಿ ಮತ್ತೆ ಕೊಡು ಎಂದೂ ಹೇಳಿದರು.

ಮರುದಿನ ಹೋದೆ. ಗಂಗವ್ವ ಬಾಗಿಲಲ್ಲೇ ನಿಂತಿದ್ದಳು. “ಏನ್ ಕೊಟ್ರಿ ಬಾಯಾರ ನಮಗ? ಕರುಳು ಹೊರಗ ಬರೂದೊಂದ್ ಬಾಕಿ ಇತ್ತು.”

ತಪ್ಪಾಯಿತು ಎಂಬ ಒಂದು ಮಾತು ಸಾಕಾಗಿತ್ತು. ಹಿಂದೆ ಇಡೀ ಸಾಲು ನೋಡುತ್ತಿತ್ತು. ಹತ್ತು ವರ್ಷದಿಂದ ಅವರಿಗೆ ಬುದ್ಧಿ ಹೇಳುತ್ತಾ ಬಂದವಳು ನಾನು. ಬಾಯಿಂದ ಬಂದದ್ದು ಇದು: “ಗುಳಿಗೆಯಿಂದ ಅಲ್ಲ ಗಂಗವ್ವ. ನೀವು ನೀರು ಕುದಿಸದೆ ಕುಡದಿರಬೇಕು.”

ಗಂಗವ್ವ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಒಳಗೆ ಮಂಚದ ಮೇಲೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಪಕ್ಕದ ಬಿಲ್ಡಿಂಗ್‌ನಿಂದ ತಂದ ಸ್ಟೋವು, ಅದರ ಮೇಲೆ ಮುಚ್ಚಿಟ್ಟ ಪಾತ್ರೆ. ಇಡೀ ಸಾಲಿಗೆ ಅವಳೊಬ್ಬಳೇ ನೀರು ಕುದಿಸಿ ಕೊಡುತ್ತಿದ್ದಳು.

“ನೀವ ಹೇಳಿದ್ರಲ್ಲ, ಗಳಗಳ ಕುದೀಬೇಕು ಅಂತ. ಕುದಿಸೇವ್ರಿ. ಅನ್ನಕ್ಕ ಒಲಿ ಸಿಗಲಿಲ್ಲ, ನೀರಿಗೆ ಹಚ್ಚೇವಿ.” ಇಷ್ಟು ಹೇಳಿ ಬಾಗಿಲು ಹಾಕಿಕೊಂಡಳು. ಒಂದಾದ ಮೇಲೊಂದು ಎಲ್ಲ ಬಾಗಿಲುಗಳೂ ಹಾಕಿಕೊಂಡವು.

ಅವತ್ತಿನಿಂದ ನಮ್ಮ ಕೇಂದ್ರದ ಯಾರು ಹೋದರೂ ಅಲ್ಲಿ ಬಾಗಿಲು ತೆರೆಯಲಿಲ್ಲ. ಅದು ಮಕ್ಕಳಾಗದಂತೆ ಮಾಡುವ ಗುಳಿಗೆ ಎಂಬ ಸುದ್ದಿಯೂ ಹುಟ್ಟಿತು. ಆ ಸುದ್ದಿಯನ್ನು ಎಲ್ಲರಿಗಿಂತ ಹೆಚ್ಚು ಹಬ್ಬಿಸಿದವಳು ಗಂಗವ್ವ. ಅರವತ್ತನೆಯ ವಯಸ್ಸಿನಲ್ಲಿ ಅವಳಿಗೆ ಆ ಚಿಂತೆ ಯಾಕೆ ಬಂತೋ ದೇವರಿಗೇ ಗೊತ್ತು.

ಈಗ ಮನೆಯ ಕಥೆ. ಏಕಾದಶಿಯ ಸಂಜೆ ನಾನು ಅಳುತ್ತಾ ಮನೆಗೆ ಬಂದೆ. ಆದರೂ ನೀರಿನಲ್ಲಿ ನಡೆದು ಬಂದ ಇವರಿಗೆ ಗುಳಿಗೆ ಕೊಡುವುದನ್ನು ಮರೆಯಲಿಲ್ಲ. “ನಾಳೆ ಪಾರಣೆ ಆಗಿ ಊಟ ಆದ ಮೇಲೆ ತಗೊಳ್ರಿ” ಎಂದೆ. ಇವರು ಅಂಗಿಯ ಜೇಬಿಗೆ ಹಾಕಿಕೊಂಡರು. ಮರುದಿನ ಬೆಳಿಗ್ಗೆ ಗಡಿಬಿಡಿಯಲ್ಲಿ ನಾನು ಮನೆಯ ಬಟ್ಟೆಯೆಲ್ಲ ಸಾಬೂನು ನೀರಿಗೆ ಹಾಕಿ ಹೋದೆ. ಆ ಅಂಗಿಯನ್ನೂ ಹಾಕಿದೆ. ಸಂಜೆ “ಗುಳಿಗೆ ತಗೊಂಡ್ರಿ?” ಎಂದು ಕೇಳಿದೆ. “ಹ್ಞೂಂ” ಎಂದರು. ಚಾಳಿನವರ ಬಾಯಿ ತೆಗೆಸಿ ನೋಡುವ ಅಧಿಕಾರಿ ನಾನು. ಮನೆಯಲ್ಲಿ ಒಂದು ಹ್ಞೂಂ ಸಾಕಾಯಿತು.

ಒಂಬತ್ತನೆಯ ದಿನ ಇವರಿಗೆ ಜ್ವರ ಬಂತು. “ಮೀನಖಂಡ ಹಿಡಕೊಂಡಾವು ಶಾಂತಾ, ನೆಲಕ್ಕ ಕಾಲ ಊರಾಕ ಆಗವಲ್ದು” ಅಂದರು. ಕಣ್ಣು ಕೆಂಪಾಗಿದ್ದವು. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು. ವರ್ಷವರ್ಷವೂ ಬಾಗಿಲು ಬಾಗಿಲಿಗೆ ನಾನು ಪಾಠದಂತೆ ಒಪ್ಪಿಸುತ್ತಿದ್ದ ಮೂರು ಲಕ್ಷಣಗಳು.

“ಗುಳಿಗೆ ತಗೊಂಡಿದ್ರಲ್ಲ?”

ಇವರು ಗೋಡೆ ನೋಡಿದರು. ನಾನು ಎದ್ದು ಗೂಟಕ್ಕೆ ಹಾಕಿದ್ದ ಆ ಅಂಗಿಯನ್ನು ತೆಗೆದುಕೊಂಡು ಜೇಬು ಹೊರಳಿಸಿದೆ. ಜೇಬಿನ ತಳದಲ್ಲಿ ಗುಳಿಗೆಯದೇ ಹಳದಿ ಬಣ್ಣದ ಕಲೆ. ಒಗೆದು ಒಣಹಾಕುವಾಗ ಅರಿಶಿನವೆಂದುಕೊಂಡಿದ್ದೆ.

“ಅಂಗಿ ಬಕೆಟ್‌ನ್ಯಾಗ ಇತ್ತು. ಹಿಂದಿನ ದಿನ ಅಷ್ಟ ಅತ್ತಿದ್ದಿ. ನಿನ್ನ ತಲೀ ಮ್ಯಾಲ ಮತ್ತೊಂದ್ ಯಾಕ ಹಾಕಲಿ ಅಂತ ಸುಮ್ಮನಾದೆ” ಅಂದರು.

ಅದೇ ಗಳಿಗೆಯಲ್ಲಿ ಟ್ಯಾಕ್ಸಿ ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಹೋದೆವು. ಜ್ವರ ಬಂದ ದಿನವೇ ಹೋದದ್ದರಿಂದ ಇವರು ಉಳಿದರು ಎಂದು ಅಲ್ಲಿಯ ಡಾಕ್ಟರು ಆಮೇಲೆ ಹೇಳಿದರು. ಪ್ರಿಯಾ, ಇದನ್ನು ನೆನಪಿಡು: ಮನೆಯಲ್ಲಿರುವ ಯಾವುದೋ ಜ್ವರದ ಗುಳಿಗೆ ನುಂಗಿ ಎರಡು ದಿನ ನೋಡೋಣ ಎನ್ನುವವರನ್ನು ಬಿಡಬೇಡ. ನೀರಿನಲ್ಲಿ ನಡೆದವರಿಗೆ ಜ್ವರ ಬಂದರೆ ಅದೇ ದಿನ ಕರೆದುಕೊಂಡು ಹೋಗು.

ನಡುವೆ ಎರಡು ದಿನ ಕಣ್ಣು ಹಳದಿಯಾಗಿ ಮೂತ್ರ ಕಡಿಮೆಯಾಯಿತು. ಆ ಎರಡು ದಿನದ ಬಗ್ಗೆ ಬರೆಯುವುದಿಲ್ಲ. ಮೂರನೆಯ ದಿನದಿಂದ ಮೂತ್ರ ಮತ್ತೆ ಹೆಚ್ಚತೊಡಗಿತು. ನರ್ಸು ಬಾಟಲಿಯಲ್ಲಿ ಅಳತೆ ನೋಡಿ ಬರೆದುಕೊಂಡು ಹೋಗುವಳು. ನಾನು ಕೇಂದ್ರದಿಂದ ಓಡಿಬಂದು ಮೊದಲು ಕೇಳುವ ಮಾತು, “ಇವತ್ತ ಎಷ್ಟಾತ್ರಿ?” ಇವರು ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ಹೇಳುವರು, “ವಾರ್ಡಿನ್ಯಾಗ ಫಸ್ಟ್ ನಾನ!” ಪಕ್ಕದ ಮಂಚದ ಗುಜರಾತಿ ಮುದುಕರು ಎರಡನೆಯ ಸ್ಥಾನ. ಇಬ್ಬರಿಗೂ ಪೈಪೋಟಿ.

ಇವರಿಗೆ ಮಾತಾಡುವ ಶಕ್ತಿ ಬಂದ ಮೇಲೆ ಒಂದು ದಿನ, ಗಂಗವ್ವನಿಗೆ ಹೇಳಿದ ಸುಳ್ಳನ್ನು ಇವರಿಗೆ ಹೇಳಿದೆ. ಯಾರಿಗೂ ಹೇಳಿರಲಿಲ್ಲ, ಮೇಡಂಗೂ ಇಲ್ಲ. ಇವರು ದಿಂಬಿಗೆ ಒರಗಿ ಎದ್ದು ಕುಳಿತರು.

“ಆಕಿ ನೀ ಹೇಳಿದ್ದು ಮಾಡಿದ್ಲು. ಹೇಳಿದಂಗ ಮಾಡಿದಾಕಿಗೇ ನೀ ದೋಷ ಹಚ್ಚಿದಿ. ಇನ್ ಮ್ಯಾಲ ನೀ ಏನ್ ಹೇಳಿದ್ರೂ ಆಕಿ ಯಾಕ ಮಾಡಬೇಕು?”

“ಮತ್ತ ಏನ್ ಮಾಡ್ಲಿ?”

“ಹೋಗಿ ತಪ್ಪಾತು ಅನ್ನು.”

“ಎಲ್ಲಾರ ಮುಂದ ಹ್ಯಾಂಗ ಅನ್ನಲಿ?”

“ಎಲ್ಲಾರ ಮುಂದ ನುಂಗಿಸಿದ್ದಿಲ್ಲೇನು?”

ನಾನು ಹೋಗಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಾ ಮೂರು ವಾರ ಕಳೆದೆ. ಇವರು ಮನೆಗೆ ಬಂದರು, ಗಂಜಿ ಬಿಟ್ಟು ರೊಟ್ಟಿಗೆ ಬಂದರು. ಅಷ್ಟರಲ್ಲಿ ಆಗಸ್ಟಿನ ಮಳೆ ಹಿಡಿಯಿತು. ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಸುರಿದು, ಅದೇ ಗಲ್ಲಿ, ಅದೇ ಚಾಳು, ಮತ್ತೆ ಮೊಣಕಾಲುದ್ದ ನೀರು. ಮರುದಿನ ಇಳಿಯಿತು. ಮೇಡಂ ನನ್ನ ಮುಖ ನೋಡಿದರು. “ಆ ಚಾಳಿಗೆ ಯಾರನ್ನು ಕಳಿಸಲಿ?” ಎಂದು ಕೇಳಿದರು. ಎರಡು ಮೂರು ದಿನದೊಳಗೆ ಗುಳಿಗೆ ಹೊಟ್ಟೆಗೆ ಹೋಗದಿದ್ದರೆ ಹೋಗಿಯೂ ಪ್ರಯೋಜನ ಕಡಿಮೆ. ಗಂಗವ್ವನ ಹಿಮ್ಮಡಿಗಳು ನನ್ನ ಕಣ್ಣ ಮುಂದೆ ಬಂದವು. ಆಸ್ಪತ್ರೆಯ ಆ ಎರಡು ದಿನಗಳೂ ಬಂದವು.

“ನಾನೇ ಹೋಗ್ತೀನಿ” ಎಂದೆ.

ಮನೆಗೆ ಬಂದು ಹೇಳಿದರೆ ಇವರು ಚಪ್ಪಲಿ ಹುಡುಕುತ್ತಿದ್ದಾರೆ. “ನೀವೆಲ್ಲಿಗ್ರೀ? ಆ ರಾಡ್ಯಾಗ ಕಾಲಿಟ್ರ ನಾ ಸುಮ್ಮನಿರಾಂಗಿಲ್ಲ.” ಇವರು ಕೇಳಲಿಲ್ಲ. ಕೊನೆಗೆ ಕೇಂದ್ರದ ಗಂಬೂಟು ತಂದು ಹಾಕಿಸಿದೆ. ಎರಡು ಸೈಜು ದೊಡ್ಡದು. ಹೆಜ್ಜೆ ಇಟ್ಟಾಗ ಕಾಲು ಮೊದಲು ಹೋಗುವುದು, ಬೂಟು ಆಮೇಲೆ ಬರುವುದು.

ದಾರಿಯಲ್ಲಿ ಶೆಟ್ಟರ ಹೋಟೆಲಿಗೆ ಹೋದೆವು. ಶೆಟ್ಟರು ಈ ನಡುವೆ ಗ್ರೈಂಡರಿಗೆ ಎದೆಯೆತ್ತರದ ಸಿಮೆಂಟಿನ ಕಟ್ಟೆ ಕಟ್ಟಿಸಿದ್ದರು, ಸ್ವಿಚ್ಚುಗಳನ್ನು ಇನ್ನೂ ಮೇಲೆ ಮಾಡಿಸಿದ್ದರು. ಅಕ್ಕಿಯೂ ಹಿಟ್ಟೂ ಅಟ್ಟದ ಮೇಲೆ. ನೀರು ಬಂದು ಹೋಗಿತ್ತು, ವೈರ್‌ಮನ್ ಬಂದು ನೋಡಿಯೂ ಹೋಗಿದ್ದ. ಒಲೆ ಹೊತ್ತಿಸಿದ್ದರು.

“ಶೆಟ್ರೇ, ಚಾಳಿನವರ ಹೊಟ್ಟಿಗೆ ಏನಾರ ಬೀಳಬೇಕಾಗೇದ. ಆಮೇಲೆ ಗುಳಿಗೆ.”

“ಇವತ್ತು ಏಕಾದಶಿ ಅಲ್ಲವಲ್ಲ ಅಕ್ಕ?” ಎಂದರು ಶೆಟ್ಟರು ಗಂಭೀರವಾಗಿ. ಗಲ್ಲಿಗೆಲ್ಲ ಗೊತ್ತಿತ್ತು. ಅಷ್ಟು ಹೇಳಿ ನಕ್ಕು, ದೊಡ್ಡ ಡಬ್ಬಿಯ ತುಂಬ ಬಿಸಿ ಇಡ್ಲಿ ಹಾಕಿಸಿ ತಾವೇ ಹೊತ್ತುಕೊಂಡು ಬಂದರು.

ಚಾಳಿನಲ್ಲಿ ಜನ ನೆನೆದ ಹಾಸಿಗೆ ಹೊರಗೆ ಎಳೆಯುತ್ತಿದ್ದರು. ನನ್ನನ್ನು ಕಂಡು ಎರಡು ಬಾಗಿಲು ಹಾಕಿಕೊಂಡವು. ಗಂಗವ್ವ ಕಸಬರಿಗೆ ಹಿಡಿದು ನೀರು ದೂಡುತ್ತಿದ್ದಳು.

“ಬಂದ್ರೇನ್ರಿ ಬಾಯಾರ? ಈ ಸಲ ಯಾವ ಹಬ್ಬ ನೋಡ್ಕೊಂಡ್ ಬಂದೀರಿ?”

ನಾನು ದಾರಿಯ ನಡುವೆ ನಿಂತು, ಎರಡೂ ಸಾಲಿಗೆ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ. ಮೊದಲು ನಮ್ಮ ಮಾತಿನಲ್ಲಿ, ಆಮೇಲೆ ಮರಾಠಿಯಲ್ಲಿ.

“ಅವತ್ತ ಏಕಾದಶಿ ಅಂತ ನನಗ ನೆನಪಿರಲಿಲ್ಲ. ಗಂಗವ್ವ ಹೇಳಾಕ ಬಂದ್ರೂ ನಾ ಕೇಳಲಿಲ್ಲ. ಬರೀ ಹೊಟ್ಟಿಗೆ ನುಂಗಿಸಿದ್ದು ನನ್ನ ತಪ್ಪು. ಮರುದಿನ ನೀವು ನೀರು ಕುದಿಸಿಲ್ಲ ಅಂದೆ. ಅದು ಸುಳ್ಳು. ನೀವು ಕುದಿಸಿದ್ರಿ.”

ಗಂಗವ್ವ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು.

ಆಗ ಇವರು ಗಂಬೂಟು ಎಳೆಯುತ್ತಾ ಮುಂದೆ ಬಂದರು. “ಗಂಗವ್ವ, ನನ್ನ ನೋಡು. ಹಿಂದಿನ ನೀರಿನ್ಯಾಗ ನಾನೂ ನಡದಿದ್ದೆ. ಗುಳಗಿ ನುಂಗಲಿಲ್ಲ. ಹದಿಮೂರು ದಿನ ದವಾಖಾನ್ಯಾಗ ಬಿದ್ದಿದ್ದೆ.” ಸೊಂಟದ ಬೆಲ್ಟಿಗೆ ಹೊಸದಾಗಿ ಹೊಡೆದ ಮೂರು ತೂತು ತೋರಿಸಿದರು.

“ಅಯ್ಯ, ಬಾಯಾರ ಮನ್ಯಾಗಿದ್ದೂ ನುಂಗಲಿಲ್ಲೇನ್ರಿ?” ಗಂಗವ್ವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು.

“ಅದೂ ನನ್ನ ತಪ್ಪು. ಜೇಬು ನೋಡದ ಅಂಗಿ ನೆನಿ ಹಾಕಿದೆ” ಎಂದೆ.

“ಆಕಿದಲ್ಲ ತಪ್ಪು. ನುಂಗೀನಿ ಅಂತ ಸುಳ್ಳು ಹೇಳಿದಾಂವ ನಾನು” ಎಂದರು ಇವರು.

“ನೀವು ಸುಮ್ಮನಿರ್ರಿ. ಜೇಬು ನೋಡೂದು ಒಗೀವರ ಕೆಲಸ.”

“ಹೇಳೂದು ಅಂಗಿಯವನ ಕೆಲಸ!”

“ಸಂಜೀಕ ನಾನ ಬಾಯಿ ತಗಸಿ ನೋಡಬೇಕಿತ್ತು.”

“ಎಲ್ಲಾ ತಪ್ಪೂ ನಿನಗ ಬೇಕೇನು? ಒಂದರ ನನಗ ಬಿಡು!”

ಇವರಿಗೆ ಉಸಿರು ಹತ್ತಿತ್ತು, ನನಗೆ ಅಳು ಬಂದಿತ್ತು. ಆದರೂ ಇಬ್ಬರೂ ಬಿಡಲಿಲ್ಲ. ಹಾಕಿದ್ದ ಎರಡು ಬಾಗಿಲುಗಳೂ ತೆರೆದು ಜನ ಇಣುಕುತ್ತಿದ್ದರು. ಶೆಟ್ಟರು ಡಬ್ಬಿ ಹೊತ್ತು ಒಮ್ಮೆ ನನ್ನನ್ನು, ಒಮ್ಮೆ ಇವರನ್ನು ನೋಡುತ್ತಿದ್ದರು. “ಇಡ್ಲಿ ತಣಿತದೆ ಮಾರಾಯ್ರೆ” ಎಂದರು ಕೊನೆಗೆ.

ಮೊದಲು ನಕ್ಕವಳು ಗಂಗವ್ವ. ಕೆಸರು ಕೈಯನ್ನು ಸೀರೆಗೆ ಒರೆಸುತ್ತಾ ನಕ್ಕಳು. ಆಮೇಲೆ ಇಡೀ ಸಾಲು ನಕ್ಕಿತು.

“ನಿಮ್ಮ ಜಗಳ ಮನ್ಯಾಗ ಮಾಡ್ಕೋರಿ. ಇಷ್ಟ ಮಾತು ಅವತ್ತ ಅಂದಿದ್ರ ಆಗತಿತ್ತಲ್ರಿ ಬಾಯಾರ. ಕೈ ತೊಳ್ಕೊಂಡ್ ಬರ್ತೀನಿ, ಇಡ್ಲಿ ಕೊಡ್ರಿ. ಆಮ್ಯಾಲ ಗುಳಗಿ ಕೊಡ್ರಿ” ಅಂದಳು. ತಿರುಗಿ ಸಾಲಿನ ಕಡೆ ಕೂಗಿದಳು, “ಬರ್ರೇ ಎಲ್ಲಾರೂ! ಸಾಬೂನು ಹಚ್ಚಿ ಕೈ ತೊಳಕೋರಿ!”

ತಲಾ ಎರಡು ಇಡ್ಲಿ, ಆಮೇಲೆ ಗುಳಿಗೆ, ಆಮೇಲೆ ಗಂಗವ್ವ ಕುದಿಸಿಟ್ಟ ನೀರು. ಯಾರಿಗೂ ವಾಂತಿಯಾಗಲಿಲ್ಲ. ಆ ಮಳೆಗಾಲ ಮುಗಿಯುವವರೆಗೆ ದಿನ ಬಿಟ್ಟು ದಿನ ಆ ಚಾಳಿಗೆ ಹೋಗಿ ಜ್ವರವಿದೆಯೇ ಎಂದು ಕೇಳಿದೆ. ಯಾರಿಗೂ ಇಲಿ ಜ್ವರ ಬರಲಿಲ್ಲ. ಗಂಗವ್ವನ ಹಿಮ್ಮಡಿಗೆ ಮುಲಾಮು ಕೊಟ್ಟು, ರಬ್ಬರ್ ಬೂಟು ಹಾಕಿಕೋ ಎಂದೆ. ಬೂಟು ಹಾಕಿದರೆ ಗಿರಾಕಿಗಳು ಪೊಲೀಸೆಂದು ಹೆದರುತ್ತಾರೆ ಎಂದಳು. ಆದರೂ ಹಾಕಿಕೊಂಡಳು.

ಆಮೇಲಿನ ವರ್ಷಗಳಲ್ಲಿ ಕೆಲಸ ಬಹಳ ಬದಲಾಯಿತು. ರಿಜಿಸ್ಟರು ಹೋಗಿ ಫೋನು ಬಂತು. ಸೀಮೆಸುಣ್ಣದ ಬದಲು ಫೋಟೋ. ನೀರು ಎಲ್ಲಿ ನಿಂತಿದೆಯೆಂದು ನಾವು ಹೋಗುವ ಮೊದಲೇ ಮೇಲಿನವರಿಗೆ ಗೊತ್ತಾಗುತ್ತದೆ. ಎಲ್ಲ ಒಳ್ಳೆಯದೇ. ಆದರೆ ಪ್ರಿಯಾ, ಯಾವ ಮನೆಯಲ್ಲಿ ಯಾವಾಗ ಉಪವಾಸ, ಯಾವಾಗ ರಂಜಾನಿನ ರೋಜಾ ಎಂದು ಬರೆಯುವ ಜಾಗ ಆ ಫೋನಿನಲ್ಲಿ ಇಲ್ಲ. ನಾನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ನೀನೂ ಬರೆದುಕೋ. ಯಾರಾದರೂ “ಇವತ್ತ...” ಎಂದು ಶುರು ಮಾಡಿದರೆ ಆ ಮಾತು ಮುಗಿಯುವವರೆಗೆ ನಿಲ್ಲು. ತಪ್ಪಾದರೆ ಅದೇ ದಿನ, ಅದೇ ಬಾಗಿಲಲ್ಲಿ ಹೇಳಿಬಿಡು. ತಡವಾದಷ್ಟೂ ಗಟ್ಟಿಯಾಗಿ ಹೇಳಬೇಕಾಗುತ್ತದೆ.

ನಮ್ಮ ಆ ಜಗಳ ಮಾತ್ರ ಅವತ್ತು ಮುಗಿಯಲಿಲ್ಲ. ಪ್ರತಿ ವರ್ಷ ಮೊದಲ ಮಳೆಗೆ ಇವರೇ ತೆಗೆಯುತ್ತಿದ್ದರು. ನಾನು ಬಟ್ಟೆ ನೆನೆಹಾಕಲು ಕುಳಿತರೆ ಬಾಗಿಲಲ್ಲಿ ನಿಂತು, “ಜೇಬು ನೋಡಿದ್ಯಾ? ಅವತ್ತಿನ ತಪ್ಪು ನಂದ ಬಿಡು” ಅನ್ನುವರು. ನಾನು “ಅಲ್ರಿ, ನಂದು” ಅನ್ನುವೆ. ಅಲ್ಲಿಂದ ಒಂದು ಚಹಾ ಆಗುವವರೆಗೆ ವಾದ. ಮದುವೆಯಾದ ಮಗಳು ವಿಲೆ ಪಾರ್ಲೆಯಿಂದ ಬಂದಿದ್ದರೆ, “ನಿಮಗೆ ಬೇರೆ ಕೆಲಸ ಇಲ್ವಾ?” ಎಂದು ಇಬ್ಬರನ್ನೂ ಬಯ್ಯುವಳು.

ಈ ಜೂನಿನಲ್ಲಿ ಮೊದಲ ಮಳೆ ಬಿದ್ದ ದಿನ ಬಕೆಟ್ ಮುಂದೆ ಕುಳಿತೆ. ಇದ್ದದ್ದು ನನ್ನ ಎರಡು ಸೀರೆ, ಒಂದು ಟವೆಲ್. ಜೇಬು ಯಾವುದಕ್ಕೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ಕಾದೆ. ಆಮೇಲೆ ನಾನೇ “ತಪ್ಪು ನಂದು” ಎಂದೆ.

ಅಲ್ಲ ಎನ್ನುವವರು ಯಾರೂ ಇರಲಿಲ್ಲ.